ಚೆಂಡು ಮೇಲಿದ್ದಷ್ಟು ಹೊತ್ತು

ಇವತ್ತೂ ನನಗೆ ಏನೂ ಆಗಲಿಲ್ಲ. ಚೆಂಡು ಮೇಲಕ್ಕೆ ಹೋಯಿತು, ಮೈದಾನದ ತುಂಬ ಕೂತಿದ್ದವರೆಲ್ಲ ಒಮ್ಮೆಲೇ ಉಸಿರು ಬಿಟ್ಟರು, ನನ್ನ ಎಡಕ್ಕಿದ್ದ ಮುದುಕಿ ಸೊಂಟದ ಮೇಲಿನ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು, ಬಲಕ್ಕಿದ್ದ ಅವ್ವ ಬಾಯಿ ತೆರೆದು ತುತ್ತು ಇಟ್ಟುಕೊಂಡಳು. ನಾನು ಮಾತ್ರ ಮೊದಲು ಹೇಗಿದ್ದೆನೋ ಹಾಗೆಯೇ ಇದ್ದೆ. ಯಾರಾದರೂ ಗಮನಿಸಿಯಾರು ಎಂಬ ಹೆದರಿಕೆಗೆ ಕತ್ತು ಹಿಂದಕ್ಕೆ ಚೆಲ್ಲಿ ಎಲ್ಲರಂತೆ ಒಂದು ಉಸಿರು ಬಿಟ್ಟೆ. ಅದು ಸುಳ್ಳು ಉಸಿರು. ಇದನ್ನು ಡೈರಿಯಲ್ಲಿ ಬರೆಯುವಾಗಲೂ ನನ್ನ ಅಕ್ಷರ ತಾನಾಗಿ ಚಿಕ್ಕದಾಗುತ್ತದೆ. ಇಷ್ಟು ಜನರಿಗೆ ಆಗುವುದು ನನಗೊಬ್ಬಳಿಗೆ ಆಗುವುದಿಲ್ಲ ಎಂದರೆ ನನ್ನೊಳಗೆ ಏನೋ ಕಲ್ಲಾಗಿದೆ ಎಂದೇ ಅರ್ಥವೇ? ಕೇಳಿದರೆ ಅವ್ವ, "ನಿನಗ ಇನ್ನ ಏನೂ ನೋವಾಗಿಲ್ಲ, ಅದಕ್ಕ ಗೊತ್ತಾಗಾಂಗಿಲ್ಲ" ಎಂದುಬಿಡುತ್ತಾಳೆ. ಅದನ್ನು ಕೇಳಿದಾಗ ನಾಚಿಕೆಯಾಗುತ್ತದೆ, ಪಂಕ್ತಿಯಲ್ಲಿ ಎಲೆಯಿಲ್ಲದೆ ಕೂತಂತೆ.

ನಮ್ಮೂರಿನ ಮೈದಾನದಲ್ಲಿ ಬ್ಯಾಟಿಗೆ ತಗುಲಿದ ಚೆಂಡು ಗಾಳಿಯಲ್ಲಿ ಇರುವಷ್ಟು ಹೊತ್ತು ಊರಿನಲ್ಲಿ ಯಾರಿಗೂ ನೋವಿರುವುದಿಲ್ಲ. ಹಲ್ಲುನೋವು, ಮಂಡಿನೋವು, ಸುಟ್ಟಗಾಯ, ಸತ್ತವರ ನೆನಪು, ಎಲ್ಲ ಒಂದೇ. ಚೆಂಡು ನೆಲಕ್ಕೋ ಕೈಗವಸಿಗೋ ಬಿದ್ದ ಕೂಡಲೇ ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದು ಕೂಡುತ್ತವೆ. ಸುತ್ತಲಿನ ಊರುಗಳಲ್ಲಿ ಬೇರೆ ಬೇರೆ ಆಟಗಳಿವೆ, ನಮ್ಮಲ್ಲಿ ಬೇಸ್‌ಬಾಲ್ ಬಿಟ್ಟು ಇನ್ನೊಂದು ಬೇರೂರಲಿಲ್ಲ. ಮೂರನೇ ಬೇಸಿನ ಹಿಂದೆ ಬೇವಿನ ಮರದ ಕೆಳಗೆ ನಬೀಸಾಬರು ಹಲ್ಲು ಕೀಳುವ ಕುರ್ಚಿ ಹಾಕಿದ್ದಾರೆ. ಬಾಯಿ ತೆರೆದು ಕೂತವನ ಹಲ್ಲಿಗೆ ಇಕ್ಕಳ ಹಚ್ಚಿ, ಕಣ್ಣು ಮಾತ್ರ ಬ್ಯಾಟಿನ ಕಡೆ ಇಟ್ಟು, ಹೊಡೆತದ ಸಪ್ಪಳ ಕೇಳಿದ್ದೇ ಎಳೆಯುತ್ತಾರೆ. ಆಸ್ಪತ್ರೆಯ ಮಹಡಿಯ ಕಿಟಕಿಯಲ್ಲಿ ನರ್ಸು ಸಿರಿಂಜು ಎತ್ತಿ ಹಿಡಿದು ಕಾಯುತ್ತಾಳೆ. ಕೂಸುಗಳ ಕಿವಿ ಚುಚ್ಚಿಸುವವರು ಅಕ್ಕಸಾಲಿಗನನ್ನೇ ಗ್ಯಾಲರಿಗೆ ಕರೆತರುತ್ತಾರೆ. ಕೆಟ್ಟ ಸುದ್ದಿ ಮುಟ್ಟಿಸಬೇಕಾದವರು, ಮುರಿದ ಮದುವೆಯ ಮಾತು ಹೇಳಬೇಕಾದವರು ಸಂಬಂಧಪಟ್ಟವರ ಪಕ್ಕದಲ್ಲೇ ಸೀಟು ಹಿಡಿದು ಕೂತಿರುತ್ತಾರೆ. ಆಟ ನೋಡಲಿಕ್ಕೆ ಬರುವವರು ಕಡಿಮೆ.

ಅವ್ವ ಬರುವುದು ಊಟಕ್ಕೆ. ಅವಳ ಬಲಗೆನ್ನೆಯಲ್ಲಿ ಒಂದು ನರ ಕೆಟ್ಟಿದೆ. ಅಗಿದರೆ, ಗಾಳಿ ತಾಗಿದರೆ, ಒಮ್ಮೊಮ್ಮೆ ನಕ್ಕರೂ ಅಲ್ಲಿ ಮಿಂಚು ಹೊಡೆಯುತ್ತದೆ. ಮನೆಯಲ್ಲಿ ತೆಳ್ಳನೆಯ ಗಂಜಿಯನ್ನು ಎಡಬಾಯಿಗೆ ಹನಿ ಹನಿಯಾಗಿ ಬಿಟ್ಟುಕೊಳ್ಳುತ್ತಾಳೆ. ಮ್ಯಾಚಿನ ದಿನ ಮಾತ್ರ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದು, ತುತ್ತು ಮಾಡಿ ಬೆರಳಲ್ಲಿ ಹಿಡಿದು ಕಾಯುತ್ತಾಳೆ. ಚೆಂಡು ಏರಿದರೆ ಬಾಯಿಗೆ ಹಾಕಿ ಗಬಗಬ ಅಗಿಯುತ್ತಾಳೆ, ಇಳಿಯುವುದರೊಳಗೆ ನುಂಗಿಬಿಡುತ್ತಾಳೆ. ರೊಟ್ಟಿ ಕಟಂ ಎನ್ನುವ ಸಪ್ಪಳಕ್ಕೆ ಅವಳ ಕಣ್ಣು ಅರಳುವುದನ್ನು ನೋಡಬೇಕು.

ಅವಳ ತುತ್ತೆಲ್ಲ ಇದ್ದದ್ದು ಯಮನೂರಪ್ಪನ ಕೈಯಲ್ಲಿ. ಊರಿಗೆಲ್ಲ ಗೊತ್ತಿರುವ ಹೊಡೆತಗಾರ, ಈಗ ನಲವತ್ತಮೂರು. ಹರೆಯದಲ್ಲಿ ಅವನ ಚೆಂಡು ತಂತಿ ಎಳೆದಂತೆ ನೇರ ಹೋಗಿ ಎದುರಿನ ಗೋಡೆಗೆ ಬಡಿಯುತ್ತಿತ್ತಂತೆ. ಊರು ಗೆದ್ದದ್ದು ಬಹಳ, ನೋವಿಲ್ಲದೆ ಇದ್ದದ್ದು ಕಣ್ಣು ಮಿಟುಕಿಸುವಷ್ಟು. ಈಚಿನ ಎರಡು ಹಂಗಾಮಿನಿಂದ ಅವನ ಚೆಂಡು ಮುಂದಕ್ಕೆ ಹೋಗದೆ ಮೇಲಕ್ಕೆ ಹೋಗುತ್ತದೆ. ತೆಂಗಿನ ಮರ ದಾಟಿ, ನೀರಿನ ಟ್ಯಾಂಕು ದಾಟಿ, ಅಲ್ಲಿ ನಿಂತು ಯೋಚನೆ ಮಾಡಿ ಇಳಿದಂತೆ ಇಳಿಯುತ್ತದೆ. ಕೆಳಗೆ ಯಾವನೋ ಆರಾಮವಾಗಿ ಹಿಡಿಯುತ್ತಾನೆ, ಯಮನೂರಪ್ಪ ಔಟಾಗುತ್ತಾನೆ, ಊರು ಚಪ್ಪಾಳೆ ತಟ್ಟುತ್ತದೆ. ನಮ್ಮ ತಂಡ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿದೆ, ಯಾರಿಗೂ ಅದರ ಚಿಂತೆಯಿಲ್ಲ. ಗೋಡೆಗೆ ಹೊಡೆಯಬಲ್ಲ ಹೊಸ ಹುಡುಗ ರೂಪಸಿಂಗ್ ಬೆಂಚಿನಲ್ಲಿ ಕೂತು ಶೇಂಗಾ ಬಿಡಿಸುತ್ತಾನೆ.

ಹಂಗಾಮು ಮುಗಿಯುತ್ತ ಬಂದಾಗ ಕ್ಲಬ್ಬಿನ ಅಧ್ಯಕ್ಷ ತುರಮರಿಯವರು ನನ್ನನ್ನು ಕರೆಸಿದರು. ಅವರ ಕಾಲಿನ ಹೆಬ್ಬೆರಳು ವಾತದಿಂದ ಬಾತು ಟೊಮೆಟೊ ಆಗಿರುತ್ತದೆ, ಒಂದೇ ಕಾಲಿಗೆ ಚಪ್ಪಲಿ ಹಾಕುತ್ತಾರೆ, ಇನ್ನೊಂದನ್ನು ಕೈಯಲ್ಲಿ ಹಿಡಿದಿರುತ್ತಾರೆ. ನಲವತ್ತು ದಾಟಿದ ಆಟಗಾರನನ್ನು ಮುಂದಿನ ಹಂಗಾಮಿಗೆ ಇಟ್ಟುಕೊಳ್ಳಬೇಕಾದರೆ ಕ್ಲಬ್ಬಿನ ಹೊರಗಿನವರೊಬ್ಬರು ಅವನ ಹೊಡೆತ ಪರೀಕ್ಷಿಸಿ ಊರ ಮುಂದೆ ಹೇಳಬೇಕೆಂಬ ನಿಯಮವಿದೆ.

"ನೀ ಸಂಖ್ಯಾಶಾಸ್ತ್ರ ಓದಿದಾಕಿ, ಹೌದಲ್ಲ?" ಎಂದರು.

ತಲೆಯಾಡಿಸಿದೆ.

"ಮಾತಾಡಾಂಗಿಲ್ಲ ಅಂತ ಕೇಳೇನಿ. ಭಾಳ ಚಲೋ. ಅಂಕಿಗೆ ಮಾತ್ಯಾಕ ಬೇಕು? ಉಳಿದ ಮ್ಯಾಚು ನೋಡು, ನಾಕು ಅಂಕಿ ಹಾಕು, ಇನ್ನ ಎರಡ ವರ್ಷ ಆಡ್ತಾನ ಅಂತ ಹೇಳು."

"ನೋಡಿದ ಮ್ಯಾಲ ಹೇಳತೀನ್ರಿ," ಎಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ.

"ನೋಡಿದ ಮ್ಯಾಲ ಹೇಳು, ಯಾರ ಬ್ಯಾಡ ಅಂದ್ರು. ಆದ್ರ ಅದನ್ನ ಹೇಳು."

ಪಿ.ಟಿ. ಮಾಸ್ತರರ ಸ್ಟಾಪ್‌ವಾಚು ಕೇಳಿ ತಂದೆ. ಹತ್ತು ಸಲ ಬ್ಯಾಟು ಹಿಡಿದರೆ ಎಷ್ಟು ಸಲ ಔಟಾಗದೆ ಬೇಸು ಮುಟ್ಟುತ್ತಾನೆ ಎಂಬುದು ಆಟದ ಲೆಕ್ಕ. ಹಿಂದೆ ಮೂರಕ್ಕಿಂತ ಹೆಚ್ಚು ಇದ್ದದ್ದು ಈಗ ಒಂದಕ್ಕೆ ಬಂದಿತ್ತು. ಆ ಲೆಕ್ಕದಲ್ಲಿ ಯಮನೂರಪ್ಪ ಮುಗಿದಿದ್ದ. ಚೆಂಡು ಗಾಳಿಯಲ್ಲಿದ್ದ ಹೊತ್ತಿನ ಲೆಕ್ಕ ಹಾಕಿದರೆ ಅವನು ತನ್ನ ಆಯುಷ್ಯದಲ್ಲೇ ಎಲ್ಲಕ್ಕಿಂತ ಚೆನ್ನಾಗಿ ಆಡುತ್ತಿದ್ದ. ಒಂದು ಗೆರೆ ಇಳಿಯುತ್ತ, ಒಂದು ಏರುತ್ತ, ಹಾಳೆಯ ನಡುವೆ ಕತ್ತರಿಯಂತೆ ಹಾಯ್ದವು. ತುರಮರಿಯವರು ಏರುವ ಗೆರೆಯ ಮೇಲೆ ಚಪ್ಪಲಿಯಿಂದಲೇ ತಟ್ಟಿ, "ಇದನ್ನ ದೊಡ್ಡದ ಮಾಡಿ ಬೋರ್ಡಿಗೆ ಹಚ್ಚೋಣು" ಎಂದರು. ನನಗೂ ಹಗುರವಾಯಿತು. ಅಂಕಿಗಳೇ ಎಲ್ಲರಿಗೂ ಬೇಕಾದ್ದನ್ನು ಹೇಳುವಾಗ ನಾನು ಬಾಯಿ ತೆರೆಯುವ ಪ್ರಸಂಗವೇ ಇಲ್ಲ.

ಆದರೆ ವಾಚು ಒತ್ತಲು ಬ್ಯಾಟನ್ನೇ ನೋಡುತ್ತಿರಬೇಕಾಗುತ್ತಿತ್ತು. ಏರಿದ ಚೆಂಡಿನಲ್ಲಿ ನನಗೆ ಸಿಗುವಂಥದ್ದು ಏನೂ ಇರಲಿಲ್ಲವಾದ್ದರಿಂದ ಕಣ್ಣು ಅಲ್ಲೇ, ಅವನ ಮೇಲೇ ಉಳಿಯುತ್ತಿತ್ತು. ಊರೆಲ್ಲ ಆಕಾಶ ನೋಡುವಾಗ ನಾನೊಬ್ಬಳು ನೆಲದಲ್ಲಿ ನಿಂತವನನ್ನು ನೋಡುತ್ತಿದ್ದೆ. ಚೆಂಡು ತಗುಲಿದೊಡನೆ ಅವನ ಮುಖ ತೊಳೆದಂತಾಗುತ್ತಿತ್ತು. ಭುಜ ಇಳಿಬಿಟ್ಟು, ತುಸು ಬಾಯಿ ತೆರೆದು, ಎಲ್ಲೋ ಬಂದು ತಲುಪಿದವನಂತೆ ನಿಲ್ಲುತ್ತಿದ್ದ. ಚೆಂಡು ಇಳಿಯತೊಡಗಿದಾಗ ಬ್ಯಾಟು ಎಡಗೈಗೆ ದಾಟಿಸಿ, ಬಲತೋಳನ್ನು ಹೊಟ್ಟೆಗೆ ಒತ್ತಿಕೊಂಡು, ಬೂಟಿನ ಲೇಸು ಕಟ್ಟುವವನಂತೆ ಬಗ್ಗುತ್ತಿದ್ದ. ಚೆಂಡು ಕೈಗವಸಿಗೆ ಬಿದ್ದ ಸಪ್ಪಳಕ್ಕೆ ಅವನ ಬೆನ್ನು ಒಮ್ಮೆ ಜಗ್ಗಿದಂತೆ ಆಗುತ್ತಿತ್ತು. ಆ ಗಳಿಗೆಯಲ್ಲಿ ಮೈದಾನದ ತುಂಬ ಎಲ್ಲರಿಗೂ ತಮ್ಮ ತಮ್ಮದು ಮರಳಿ ಬಂದಿರುತ್ತದೆ, ಎಲ್ಲರೂ ಕಣ್ಣು ಮುಚ್ಚಿ ಹಲ್ಲು ಕಚ್ಚಿರುತ್ತಾರೆ. ಅವರು ಕಣ್ಣು ತೆರೆಯುವುದರೊಳಗೆ ಅವನು ಎದ್ದು ನಿಂತು ಟೊಪ್ಪಿಗೆ ಎತ್ತಿ ತೋರಿಸುತ್ತಿದ್ದ. ಯಮನೂರಪ್ಪನಿಗೆ ಲೇಸಿನ ಹುಚ್ಚು ಎಂದು ಊರಿನಲ್ಲಿ ಒಂದು ನಗೆಮಾತಿತ್ತು. ಮೂರನೆಯ ಮ್ಯಾಚಿಗೆ ನಾನು ಅವನ ಬೂಟು ನೋಡಿದೆ. ಅದು ಪಟ್ಟಿಯ ಬೂಟು. ಲೇಸೇ ಇರಲಿಲ್ಲ.

ಅಂದಿನಿಂದ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಬರೆಯಲು ಕೂತರೆ ಎದ್ದು ಅಂಗಳಕ್ಕೆ ಬರುತ್ತಿದ್ದೆ, ಅಂಗಳದಿಂದ ಓಣಿಗೆ, ಓಣಿಯಿಂದ ಕೆರೆಯ ಕಡೆಗೆ. ದಾರಿಯಲ್ಲಿ ಯಾರಾದರೂ, "ಏನ ದಾಕ್ಷಾಯಣಿ, ಎಲ್ಲಿಗೆ?" ಎಂದರೆ ಇಲ್ಲೇ ಎಂದು ತಿರುಗಿಬಿಡುತ್ತಿದ್ದೆ. ಕಡೆಗೆ ಒಂದು ಮಧ್ಯಾಹ್ನ, ಅಂಕಿ ತಾಳೆ ನೋಡುವ ನೆಪ ಮಾಡಿಕೊಂಡು, ಗ್ಯಾಲರಿಯ ಕೆಳಗಿನ ಖೋಲಿಗೆ ಹೋದೆ. ಯಮನೂರಪ್ಪ ಒಬ್ಬನೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ. ಎಡಗೈಯಲ್ಲಿ.

ನನ್ನ ಕಣ್ಣು ಎಲ್ಲಿದೆಯೆಂದು ಅವನಿಗೆ ಗೊತ್ತಾಯಿತು. "ಈಗ ಈ ಕೈಲೆ ಉಣ್ಣಾಕ ಕಲತೇನಿ," ಎಂದ. "ಯಾರ ಮುಂದೂ ಹೇಳಬ್ಯಾಡವ್ವ. ಮಂದಿ ಊಟಕ್ಕ ಕರಿಯೂದ ಬಿಟ್ಟಾರು."

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ಕೇಳಾಕ ಬಂದಿ, ಕೇಳವಲ್ಲಿ. ನಾನ ಹೇಳತೀನಿ, ಕೂಡು. ಮಂದಿ ಏನಂತಾರ ಗೊತ್ತೈತೇನು? ಯಮನೂರಪ್ಪ ಮೊದಲ ಗೆಲ್ಲಾಕ ಹೊಡೀತಿದ್ದ, ಈಗ ನಮ್ಮ ಸಲುವಾಗಿ ಹೊಡೀತಾನ, ದೇವರಂಥಾ ಮನಷಾ, ಅಂತ. ಒಬ್ಬಾಕಿ ಮುದುಕಿ ಮೊನ್ನೆ ಕಾಲ ಮುಟ್ಟಾಕ ಬಂದ್ಲು. ನಾ ಒಂದೂ ಬೇಕಂತ ಮ್ಯಾಲ ಹೊಡದಿಲ್ಲ ತಂಗಿ. ಪ್ರತಿ ಸಲ ಗೋಡೀಗೇ ಹೊಡೀತೀನಿ. ಕೈ ಬರೂದರಾಗ ಚೆಂಡು ಬಂದಬಿಟ್ಟಿರತೈತಿ, ಬ್ಯಾಟು ಅದರ ಬುಡಕ್ಕ ಹೋಗತೈತಿ. ಭುಜದಾಗ ಏನೋ ಹರದೈತಿ. ಬೀಸಿದಾಗೊಮ್ಮೆ ಇನ್ನೊಂದೀಟು ಹರೀತೈತಿ."

ಹಾಗಾದರೆ ಬಿಡಿ ಎಂದು ಹೇಳುವ ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಅದು ನನ್ನ ಮುಖದ ಮೇಲೂ ಬಂದಿತ್ತೇನೋ.

"ಬಿಡಾಕಂತ ಕ್ಲಬ್ಬಿಗೆ ಹೋಗಿ ಬಂದೇನಿ. ಹೋದಾಗೊಮ್ಮೆ ತುರಮರಿಯವರು ಕಾಲ ಎತ್ತಿ ಟೇಬಲ್ ಮ್ಯಾಲ ಇಡತಾರ. ಆ ಬೆರಳ ನೋಡಿ ನಾ ಏನ ಅನ್ಲಿ? ಚಾ ಕುಡದು ಬರತೀನಿ." ಸ್ವಲ್ಪ ನಕ್ಕ. "ನಿಮ್ಮವ್ವನ್ನೂ ನೋಡತೀನವ್ವ. ಬ್ಯಾಟ ಹಿಡದು ನಿಂತಾಗ ಸೀದಾ ಕಾಣತಾಳ, ಕೈಯಾಗ ತುತ್ತ ಹಿಡಕೊಂಡು. ನಾನಾಗೇ ಬಿಟ್ರ ನಾಳೆ ಆಕಿ ಎದುರ ಹೆಂಗ ಹಾದು ಹೋಗ್ಲಿ? ಯಾರರೆ ನನಗ ಸಾಕು ಅನ್ನಬೇಕು. ಆದರ ಯಾರ ಅಂತಾರ, ಎಲ್ಲಾರಿಗೂ ಒಂದೊಂದ ಐತಿ. ನಿನಗೇನೈತಿ?"

"ತಲಿಶೂಲಿರಿ," ಎಂದು ಸುಳ್ಳು ಹೇಳಿದೆ.

"ಪಾಪ," ಎಂದ ಯಮನೂರಪ್ಪ. ನಿಜವಾಗಿಯೂ ಮರುಗಿ ಅಂದ. "ಆತು, ಭಾನುವಾರ ಚಲೋ ಒಂದು ಎತ್ತರಕ್ಕ ಹೊಡೀತೀನಿ."

ಮನೆಗೆ ಬಂದರೆ ಅವ್ವ ಕನ್ನಡಿಯ ಮುಂದೆ ಬಳೆ ಏರಿಸುತ್ತಿದ್ದಳು. "ನೋಡಿಲ್ಲಿ, ಹೋದ ವರ್ಷ ಮೊಣಕೈತನಕಾ ಜಾರತಿದ್ದೂ, ಈಗ ಮುಂಗೈಗೇ ನಿಂತಾವ," ಎಂದಳು. ಗಂಜಿಯ ಬಟ್ಟಲು ಪಕ್ಕದಲ್ಲಿ ತಣ್ಣಗಾಗಿತ್ತು. "ಯಮನೂರಪ್ಪ, ಅವನ ಹೆಂಡತಿ ಸಂತ್ಯಾಗ ಸಿಕ್ಕಿದ್ರು. ಎಲ್ಲಾ ಚೀಲ ಆಕಿನ ಹೊತ್ತಿದ್ಲು, ಅವ ಬರೇ ಕೈ ಬೀಸಿಕೋತ ಬರಾಕತ್ತಿದ್ದ. ಎಷ್ಟ ದೇವರಂಥಾಂವ ಆದ್ರೂ ಗಂಡಸಂದ್ರ ಗಂಡಸ ನೋಡು."

"ಅವ್ವಾ, ಅವರ ಕೈ..."

"ಏನ ಕೈ?"

ಅವಳು ಬಳೆಯಿಂದ ಕಣ್ಣೆತ್ತಿ ನೋಡಿದಳು. ಕೆನ್ನೆಗೆ ಒಂದಿಷ್ಟು ಮಾಂಸ ಬಂದಿತ್ತು. ಮಗಳು ಏನೋ ಒಳ್ಳೆಯದು ಹೇಳುತ್ತಾಳೆ ಎಂದು ಕಾಯುವ ಮುಖ. "ಏನಿಲ್ಲ ಬಿಡು," ಎಂದೆ. ಯಮನೂರಪ್ಪ ನಿಂತರೆ ರೂಪಸಿಂಗ್ ಬರುತ್ತಾನೆ. ಅವನ ಚೆಂಡು ಗೋಡೆಗೆ ತಾಗುವುದರೊಳಗೆ ರೊಟ್ಟಿ ಮುರಿಯಲಿಕ್ಕೂ ಆಗುವುದಿಲ್ಲ. ಅವ್ವನಿಗೆ ಮತ್ತೆ ಗಂಜಿ, ಮತ್ತೆ ಮೊಣಕೈಯ ತನಕ ಬಳೆ. ಅದನ್ನು ಮಾಡುವವಳು ನಾನು.

ಶನಿವಾರ ಸಂಜೆ ಸ್ಟಾಪ್‌ವಾಚಿನ ಗುಂಡಿ ಸಡಿಲವಾಗಿದೆ ಎಂಬ ನೆಪದಲ್ಲಿ ನಬೀಸಾಬರ ಬಳಿ ಹೋದೆ, ಅವರ ಹತ್ತಿರ ಸಣ್ಣ ಸಣ್ಣ ಇಕ್ಕಳಗಳಿವೆ. ಗುಂಡಿ ಬಿಗಿ ಮಾಡುತ್ತ, ಮುಖ ಎತ್ತದೆ, "ಲೇಸು ಕಂಡಿಯೇನು?" ಎಂದರು.

"ನಿಮಗ ಗೊತ್ತೈತ್ರೀ?"

"ನಾ ಬ್ಯಾಟಿನ ಕಡೆ ನೋಡಿಕೋತನ ಹಲ್ಲು ಕೀಳಾಂವ. ನನಗ ಗೊತ್ತಿಲ್ದ ಇರತೈತೇನು? ಆದರ ನನ್ನ ಕುರ್ಚಿ ನಡೀಬೇಕಲ್ಲ." ವಾಚನ್ನು ಕಿವಿಗೆ ಹಿಡಿದು ಕೇಳಿದರು. "ಹೇಳೂದ ಇದ್ರ ಚೆಂಡು ಮ್ಯಾಲಿದ್ದಾಗ ತುರಮರಿಯವರ ಕಿವ್ಯಾಗ ಹೇಳಿಬಿಡು. ಹೇಳಿದಾಕಿಗೂ ಹತ್ತಾಂಗಿಲ್ಲ, ಕೇಳಿದವರಿಗೂ ಹತ್ತಾಂಗಿಲ್ಲ. ಈ ಊರಾಗ ಎಲ್ಲಾರೂ ಹಂಗ ಹೇಳತಾರ."

ಇದು ನನಗೆ ಹಿಡಿಸಿತು. ಭಾನುವಾರ ನಾನು ಅವ್ವನ ಪಕ್ಕ ಕೂಡದೆ ಮುಂದಿನ ಸಾಲಿನಲ್ಲಿ ತುರಮರಿಯವರ ಪಕ್ಕ ಕೂತೆ. ಹಂಗಾಮಿನ ಕೊನೆಯ ಮ್ಯಾಚು, ಜನ ಗ್ಯಾಲರಿ ತುಂಬಿ ಗೋಡೆಯ ಮೇಲೂ ಕೂತಿದ್ದರು. ಏರುವ ಗೆರೆಯನ್ನು ಬಟ್ಟೆಯ ಮೇಲೆ ಬರೆಸಿ ಸ್ಕೋರ್‌ಬೋರ್ಡಿಗೆ ಕಟ್ಟಿದ್ದರು, ಇಳಿಯುವ ಗೆರೆ ಇರಲಿಲ್ಲ. ಯಮನೂರಪ್ಪ ಬ್ಯಾಟು ಹಿಡಿದು ಬಂದಾಗ ಎದುರು ತಂಡದ ಎಸೆಗಾರ ಕಿವಿಗೆ ಹತ್ತಿ ಇಟ್ಟುಕೊಂಡು ನಿಂತಿದ್ದ. ಪಾಪ, ಅವನಿಗೂ ಏನೋ ಇತ್ತು, ಚೆಂಡನ್ನು ಕೂಸಿಗೆ ಎಸೆದಂತೆ ಮೆಲ್ಲಗೆ ಎಸೆದ.

ಬ್ಯಾಟು ಅದರ ಬುಡಕ್ಕೆ ಹೋಯಿತು. ಚೆಂಡು ನಾನು ಇದುವರೆಗೆ ಅಳೆದ ಎಲ್ಲಕ್ಕಿಂತ ಎತ್ತರಕ್ಕೆ ಏರಿತು. ಊರು ಉಸಿರು ಬಿಟ್ಟಿತು. ತುರಮರಿಯವರು ಕೈಯಲ್ಲಿದ್ದ ಚಪ್ಪಲಿಯನ್ನು ಕೆಳಗಿಟ್ಟು ಕಾಲಿಗೆ ಹಾಕಿಕೊಂಡು, ಎದ್ದು ನಿಂತು, ಎರಡೂ ಕಾಲ ಮೇಲೆ ತೂಗಾಡಿದರು. ಮುಖದಲ್ಲಿ ಎಳೆಯ ನಗು. ನಾನು ಅವರ ಕಿವಿಯ ಕಡೆಗೆ ಬಾಗಿದೆ. ಮುಂದಿನ ಸಾಲಿನ ತುದಿಯಲ್ಲಿ ಒಬ್ಬ ಹೆಂಗಸು ಒಬ್ಬ ಗಂಡಸಿಗೆ, "ನಿಮ್ಮ ತಮ್ಮ ಇನ್ನ ಬರಾಂಗಿಲ್ಲ, ಹಡಗಿನ್ಯಾಗ ತೀರಿಕೊಂಡಾನ," ಎನ್ನುತ್ತಿದ್ದಳು. ಅವನು, "ಹೌದೇನು? ಆತು ಬಿಡ್ರಿ," ಎಂದು ಮತ್ತೆ ಆಕಾಶಕ್ಕೆ ಮುಖ ಎತ್ತಿದ. ನಾನು ಹೇಳಿದ್ದರೆ ತುರಮರಿಯವರೂ ಹಾಗೆಯೇ ಅನ್ನುತ್ತಿದ್ದರು. ಹೌದೇನು, ತೋಳು ಹರದೈತೇನು, ಆತು ಬಿಡು. ನಾನು ಹೇಳಿದ್ದು ಒಂದು ಮಾತಾಗಿ ಯಾರ ಮೈಮೇಲೂ ಬೀಳುತ್ತಿರಲಿಲ್ಲ. ಬಾಯಿ ಮುಚ್ಚಿದೆ. ಹಿಂದೆ ಎಲ್ಲೋ ಅವ್ವನ ರೊಟ್ಟಿ ಕಟಂ ಎಂದಿತು.

ಚೆಂಡು ಬಿತ್ತು. ಯಾರೋ ಹಿಡಿದರು. ಗ್ಯಾಲರಿಯ ತುಂಬ ಹಲ್ಲು ಕಚ್ಚಿದ ಮುಖಗಳು, ತುದಿಯಲ್ಲಿದ್ದ ಗಂಡಸು, "ಏನಂದ್ರಿ? ಯಾರು ತೀರಿಕೊಂಡ?" ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಈ ಸಲ ಯಮನೂರಪ್ಪ ಬಗ್ಗಿದವನು ಏಳಲಿಲ್ಲ. ಒಂದು ಮಂಡಿ ಊರಿ, ಅಂಗಿಯ ಕಾಲರನ್ನು ಹಲ್ಲಲ್ಲಿ ಕಚ್ಚಿ, ಇಲ್ಲದ ಲೇಸನ್ನು ಎಡಗೈ ಬೆರಳಿನಿಂದ ಹುಡುಕುತ್ತಿದ್ದ. ತುರಮರಿಯವರು ಅಯ್ಯೋ ಎಂದು ಚಪ್ಪಲಿ ಕಿತ್ತು ಬಗಲಲ್ಲಿಟ್ಟುಕೊಂಡು ಮೈಕು ಎಳೆದುಕೊಂಡರು. "ಇಂಥಾ ಹೊಡೆತ ಈ ಊರು ಕಂಡಿಲ್ಲ," ಎಂದರು. "ಇನ್ನೂ ಎರಡ ವರ್ಷ ಯಮನೂರಪ್ಪ ನಮ್ಮಾಂವನ. ನಾ ಹೇಳೂದಲ್ಲ, ಲೆಕ್ಕ ಹೇಳತೈತಿ. ನಮ್ಮ ದಾಕ್ಷಾಯಣಿ ಎರಡ ಮಾತಿನ್ಯಾಗ ಹೇಳತಾಳ, ಎಲ್ಲಾರೂ ಕೇಳ್ರಿ."

ಮೈಕು ನನ್ನ ಕೈಗೆ ಬಂತು. ಅದರ ಹಿಡಿ ಅವರ ಬೆವರಿನಿಂದ ಬಿಸಿಯಾಗಿತ್ತು. ಗ್ಯಾಲರಿಯ ಕಡೆ ತಿರುಗಿದರೆ ಅವ್ವ ಕಾಣುತ್ತಿದ್ದಳು, ಒಂದು ಕೈ ಕೆನ್ನೆಯ ಮೇಲೆ, ಇನ್ನೊಂದರಲ್ಲಿ ಮುಂದಿನ ಬಾರಿಗೆ ಮಾಡಿಟ್ಟುಕೊಂಡ ತುತ್ತು, ಮಗಳು ಮೈಕು ಹಿಡಿದಿದ್ದಾಳೆಂದು ಆ ನೋವಿನಲ್ಲೂ ಹೆಮ್ಮೆ. ಅವಳನ್ನು ನೋಡುತ್ತ ನನ್ನಿಂದ ಹೇಳಲಾಗುವುದಿಲ್ಲ ಎಂದು ಗೊತ್ತಾಯಿತು. ಮೈದಾನದ ಕಡೆ ತಿರುಗಿದೆ. ಯಮನೂರಪ್ಪ ಬಗ್ಗಿದಲ್ಲಿಂದಲೇ ತಲೆ ಎತ್ತಿ ನನ್ನನ್ನು ನೋಡುತ್ತಿದ್ದ, ಕಾಲರು ಇನ್ನೂ ಬಾಯಲ್ಲೇ ಇತ್ತು. ಮೊದಲು ಬರೀ ಗಾಳಿಯ ಸಪ್ಪಳ ಮೈಕಿನಲ್ಲಿ ಹೋಯಿತು. ಯಾರೋ ನಕ್ಕರು. ಎಲ್ಲರಿಗೂ ಎಲ್ಲ ನೋವೂ ಇದ್ದ ಹೊತ್ತು ಅದು, ಚೆಂಡು ಯಾರದೋ ಕೈಯಲ್ಲಿ ಸುಮ್ಮನೆ ಇತ್ತು.

"ಸಾಕು ಮಾಡ್ರಿ ಕಾಕಾ," ಎಂದೆ. "ನಿಮಗ ನೋಯಾಕತ್ತೈತಿ. ನಾ ನೋಡೇನಿ."